ಇಬ್ಬರೇ ಹೊರಟಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಗಂಡ ಹೆಂಡತಿ ಇಬ್ಬರೇ ಒಂದೆರಡು ದಿನ ಯಾವುದಾದರೂ ಊರಿಗೆ ಹೋಗಿಬರುವ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಕೆಲವನ್ನು ಈ ಸಲ ಆರಿಸಿಕೊಂಡಿದ್ದೇವೆ. ಹೆಚ್ಚಿನವರ ಯೋಚನೆಯೆಲ್ಲ ‘ಎಲ್ಲಿಗೆ’ ಎಂಬುದರ ಸುತ್ತಲೇ ಇದೆ. ಹೋಗುವ ಊರಿಗೆ ವಾರದಲ್ಲಿ ಯಾವ ದಿನ ಬಿಡುವು, ಯಾವ ದಿನ ನೂಕುನುಗ್ಗಲು ಅನ್ನುವುದನ್ನು ಯಾರೂ ಕೇಳಿಲ್ಲ. ನಮ್ಮ ಉತ್ತರಗಳು ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತವೆ.

ಮದುವೆಯಾಗಿ ಐದು ತಿಂಗಳಾಯಿತು, ಕೂಡು ಕುಟುಂಬ. ಶನಿವಾರ ಬೆಳಿಗ್ಗೆ ಬೈಕಿನಲ್ಲಿ ಮೈಸೂರಿಗೆ ಹೋಗಿ ಭಾನುವಾರ ಸಂಜೆ ನಾಲ್ಕಕ್ಕೆ ವಾಪಸ್ ಹೊರಡುವ ಯೋಚನೆ. ಅರಮನೆ, ಝೂ, ಚಾಮುಂಡಿ ಬೆಟ್ಟ, ಶ್ರೀರಂಗಪಟ್ಟಣ, ಬೃಂದಾವನ, ತಲಕಾಡು ಎಂದು ಪಟ್ಟಿ ಮಾಡಿದ್ದೇವೆ. 8,000 ರೂಪಾಯಿ ಸಾಕಾಗುತ್ತದೆಯೇ?
– ಓದುಗಿ, ತುಮಕೂರು

ದುಡ್ಡು ಸಾಕು, ದಿನ ಸಾಲದು. ಅದಕ್ಕಿಂತ ಮುಖ್ಯವಾಗಿ, ನೀವು ಆರಿಸಿಕೊಂಡ ದಿನಗಳೇ ಸರಿಯಿಲ್ಲ. ಅರಮನೆಗೆ ಪೂರ್ತಿ ದೀಪ ಹಾಕುವುದು ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ಸಂಜೆ ಏಳಕ್ಕೆ. ನೀವು ನಾಲ್ಕಕ್ಕೇ ಹೊರಟರೆ ಅದು ತಪ್ಪಿಹೋಗುತ್ತದೆ. ಉಳಿದ ದಿನ ಧ್ವನಿ-ಬೆಳಕು ಕಾರ್ಯಕ್ರಮ ಇರುತ್ತದೆ. ಅದು ಮುಗಿದ ಮೇಲೆ ದೀಪ ಉರಿಯುವುದು ಕೆಲವೇ ನಿಮಿಷ. ಆದ್ದರಿಂದ ಸಾಧ್ಯವಾದರೆ ಸೋಮವಾರ ಒಂದು ರಜೆ ಹಾಕಿಸಿ, ಭಾನುವಾರ ಬೆಳಿಗ್ಗೆ ಹೊರಟು ಸೋಮವಾರ ಸಂಜೆ ಮನೆ ಸೇರಿ. ಶನಿವಾರ ರಾತ್ರಿ ಏರಿದ ಕೋಣೆ ಬಾಡಿಗೆ ಭಾನುವಾರ ರಾತ್ರಿ ಇಳಿದಿರುತ್ತದೆ. ಬೆಂಗಳೂರಿನಿಂದ ಬಂದ ಜನ ಭಾನುವಾರ ಸಂಜೆಯೇ ಗಂಟುಮೂಟೆ ಕಟ್ಟುತ್ತಾರೆ. ಸೋಮವಾರ ಅರಮನೆಯ ಒಳಗೆ ನಿಂತು ನೋಡುವಷ್ಟು ಜಾಗ ಸಿಗುತ್ತದೆ. ಮಂಗಳವಾರಕ್ಕೆ ಮಾತ್ರ ಮುಂದೂಡಬೇಡಿ. ಅಂದು ಝೂ ರಜೆ, ಕಾರಂಜಿ ಕೆರೆಗೂ ರಜೆ.

ದಾರಿ: ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಬೈಕ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ನಿಮಗೆ ಅದು ಬೇಕಾಗಿಯೂ ಇಲ್ಲ. ಕುಣಿಗಲ್, ನಾಗಮಂಗಲ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದರೆ ಹೆಚ್ಚುಕಡಿಮೆ 150 ಕಿ.ಮೀ. ನಾಗಮಂಗಲದಲ್ಲಿ ಹೊಯ್ಸಳರ ಕಾಲದ ಸೌಮ್ಯಕೇಶವ ದೇವಸ್ಥಾನವಿದೆ, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಒಳ್ಳೆಯ ಜಾಗ. ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ. ಸೀರೆಯ ಸೆರಗು, ದುಪಟ್ಟಾ ಎರಡೂ ಚಕ್ರಕ್ಕೆ ಸಿಗುವಂಥವು, ಆ ದಿನಕ್ಕೆ ಬೇಡ.

ಪಟ್ಟಿಯಿಂದ ತಲಕಾಡನ್ನೂ ಬೃಂದಾವನವನ್ನೂ ಹೊಡೆದು ಹಾಕಿ. ತಲಕಾಡಿಗೆ ಅರ್ಧ ದಿನವೇ ಬೇಕು. ಬೃಂದಾವನದ ಕಾರಂಜಿ ಮುಗಿಯುತ್ತಿದ್ದಂತೆ ಎಲ್ಲ ಗಾಡಿಗಳೂ ಒಟ್ಟಿಗೆ ಗೇಟಿನ ಹತ್ತಿರ ಬರುತ್ತವೆ. ಆ ಹೊಗೆಯಲ್ಲಿ ಬೈಕಿನ ಮೇಲೆ ಕೂತು ಮಾತಾಡುವುದು ಏನಿದೆ? ಶ್ರೀರಂಗಪಟ್ಟಣ ದಾರಿಯಲ್ಲೇ ಸಿಗುವುದರಿಂದ ಇರಲಿ.

ಭಾನುವಾರ ಮಧ್ಯಾಹ್ನ ಕೋಣೆಗೆ ಸೇರಿ ಒಂದು ನಿದ್ದೆ ತೆಗೆಯಿರಿ. ಐದಕ್ಕೆ ದೇವರಾಜ ಮಾರುಕಟ್ಟೆಯ ಹೂವಿನ ಸಾಲಿಗೆ ಹೋಗಿ. ಮೈಸೂರು ಮಲ್ಲಿಗೆ ಕೊಳ್ಳುವಾಗ ಅರಳಿದ್ದನ್ನು ತೆಗೆದುಕೊಳ್ಳಬೇಡಿ. ಬೆಳ್ಳಗೆ ಉಬ್ಬಿದ, ಬಾಯಿ ಬಿಡದ ಮೊಗ್ಗಿನ ದಂಡೆ ಕೇಳಿ, ಎರಡು ಮೊಳ ಸಾಕು. ತುದಿಯಲ್ಲಿ ಕಂದು ಬಣ್ಣವಿದ್ದರೆ ಅದು ಹಿಂದಿನ ದಿನದ್ದು. ಹಸಿ ಬಾಳೆಎಲೆಯಲ್ಲಿ ಸುತ್ತಿಸಿಕೊಳ್ಳಿ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಬೆವರಿ ಕಪ್ಪಾಗುತ್ತದೆ. ಅರಮನೆಯ ದೀಪ ನೋಡಿ ಊಟ ಮುಗಿಸಿ ಕೋಣೆಗೆ ಬರುವ ಹೊತ್ತಿಗೆ ಮೊಗ್ಗು ಅರಳಿರುತ್ತದೆ.

ಸೋಮವಾರ ಬೆಳಗ್ಗೆಯೇ ಸಿಟಿ ಬಸ್ ನಿಲ್ದಾಣದಿಂದ 201 ನಂಬರ್ ಬಸ್ಸಿನಲ್ಲಿ ಚಾಮುಂಡಿ ಬೆಟ್ಟ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ಒಟ್ಟು ಸಾವಿರ ಚಿಲ್ಲರೆ ಮೆಟ್ಟಿಲು. ಮೇಲಿನಿಂದ ಸುಮಾರು ಮುನ್ನೂರು ಇಳಿದರೆ 1659ರಲ್ಲಿ ದೊಡ್ಡ ದೇವರಾಜ ಒಡೆಯರ್ ಕಾಲದಲ್ಲಿ ಕಡೆದ ನಂದಿ. ಹೊಸ ಚಪ್ಪಲಿ ಹಾಕಿಕೊಂಡು ಹೋದರೆ ನಂದಿಯ ಹತ್ತಿರವೇ ಹಿಮ್ಮಡಿ ಸುಲಿದಿರುತ್ತದೆ. ಇಳಿದು ಬಂದು ತಿಂಡಿ, ಹತ್ತು ಗಂಟೆಗೆ ಅರಮನೆ ಬಾಗಿಲು ತೆಗೆದ ಕೂಡಲೇ ಒಳಗೆ. ಝೂ ಮತ್ತು ಕಾರಂಜಿ ಕೆರೆಯಲ್ಲಿ ಒಂದನ್ನೇ ಆರಿಸಿ. ಇಬ್ಬರೇ ಇರುವಾಗ ಕೆರೆಯೇ ವಾಸಿ. ಝೂ ಮಕ್ಕಳಾದ ಮೇಲೆ ಹೇಗೂ ತಪ್ಪುವುದಿಲ್ಲ.

ಖರ್ಚು: ಕೋಣೆಗೆ 2,500ರಿಂದ 3,000. ತೋರಿಸಿದ ಬಾಡಿಗೆಗೆ ಜಿಎಸ್‌ಟಿ ಸೇರಿದೆಯೇ ನೋಡಿ, 7,500 ರೂಪಾಯಿವರೆಗಿನ ಕೋಣೆಗೆ ಶೇ 5. ಪೆಟ್ರೋಲು ಏಳೆಂಟು ಲೀಟರ್. ಊಟ ತಿಂಡಿಗೆ 2,000, ಟಿಕೆಟ್ಟು, ಆಟೊ, ಹೂವಿಗೆ 1,000 ಇಟ್ಟುಕೊಂಡರೂ ಸಾವಿರದ ಮೇಲೆ ಉಳಿಯುತ್ತದೆ. ಅದನ್ನು ಪಂಕ್ಚರಿಗೆ ಮೀಸಲಿಡಿ. ದಸರಾ ದಿನಗಳಲ್ಲಿ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ಆಷಾಢ ಶುಕ್ರವಾರಗಳಲ್ಲಿ ಬೆಟ್ಟದ ಕಡೆ ತಲೆ ಹಾಕಬೇಡಿ.

ರೇಷ್ಮೆ ಸಾಕುತ್ತೇವೆ, ಎರಡು ಸೀಮೆಹಸು ಇವೆ. ಮದುವೆಯಾಗಿ ಹನ್ನೆರಡು ವರ್ಷ, ಇಬ್ಬರೇ ಒಂದು ರಾತ್ರಿಯೂ ಹೊರಗೆ ಉಳಿದಿಲ್ಲ. ನಮ್ಮ ಯಜಮಾನರನ್ನು ಕೇಳಿದರೆ ‘ಹುಳು ಬಿಟ್ಟು ಎಲ್ಲಿಗೆ ಹೋಗೋದು’ ಅನ್ನುತ್ತಾರೆ. ಬೆಂಗಳೂರು ಅಂದರೆ ನಮಗೆ ಆಸ್ಪತ್ರೆ, ಚಿಕ್ಕಪೇಟೆ ಅಷ್ಟೇ.
– ಓದುಗಿ, ಶಿಡ್ಲಘಟ್ಟ

ನಿಮ್ಮ ಯಜಮಾನರು ಹೇಳುವುದು ಸರಿ, ಹುಳು ಇರುವಾಗ ಆಗುವುದಿಲ್ಲ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ಮೇಲಿನ ಏಳೆಂಟು ದಿನವಂತೂ ಸೊಪ್ಪು ಹಾಕುವ ಕೈಗೆ ಬಿಡುವೇ ಇಲ್ಲ. ಆದರೆ ಪ್ರತಿ ಬೆಳೆಯಲ್ಲೂ ಒಂದು ಸಂದು ತಾನಾಗಿ ಸಿಗುತ್ತದೆ. ಗೂಡು ಮಾರಿ, ಹುಳು ಗೂಡು ಕಟ್ಟುವ ಚಂದ್ರಿಕೆ ತೊಳೆದು ಒಣಗಿಸಿ, ಹುಳು ಮನೆಗೆ ಬ್ಲೀಚಿಂಗ್ ಪುಡಿ ದ್ರಾವಣ ಹೊಡೆದು ಬಾಗಿಲು ಹಾಕಿದ ದಿನದಿಂದ ಮುಂದಿನ ಚಾಕಿ ಹುಳು (ಮರಿ ಹುಳು) ಬರುವವರೆಗೆ. ಆಗ ಮನೆಯಲ್ಲಿ ನೀವಿದ್ದರೂ ಹುಳು ಮನೆಯಲ್ಲಿ ಕೆಲಸವಿಲ್ಲ, ಕೈಯಲ್ಲಿ ಗೂಡಿನ ದುಡ್ಡೂ ಇರುತ್ತದೆ. ಚಾಕಿ ಕೇಂದ್ರದವರಿಗೆ ಹುಳು ಹೇಳುವಾಗಲೇ ನಡುವೆ ಒಂದು ಶನಿವಾರ–ಭಾನುವಾರ ಬರುವ ಹಾಗೆ ದಿನ ಗೊತ್ತು ಮಾಡಿ.

ಹಸುವಿನ ಲೆಕ್ಕ ಇನ್ನೂ ಸುಲಭ. ಶನಿವಾರ ಬೆಳಗಿನ ಹಾಲು ಡೇರಿಗೆ ಹಾಕಿ ಹೊರಟು ಭಾನುವಾರ ಸಂಜೆಯ ಹಾಲಿನ ಹೊತ್ತಿಗೆ ಬಂದರೆ ತಪ್ಪುವುದು ಎರಡೇ ಹೊತ್ತು. ಬೇರೆಯವರ ಕೈ ಬಿದ್ದರೆ ಹಸು ಸೊರ ಬಿಡದೆ ಹಾಲು ಏರಿಸಿಕೊಳ್ಳುತ್ತದೆ. ಹಾಗಾಗದಂತೆ, ಕರೆಯಲು ಒಪ್ಪಿದವರು ಎರಡು ಮೂರು ದಿನ ಮೊದಲಿನಿಂದ ನಿಮ್ಮ ಪಕ್ಕದಲ್ಲೇ ಕೂತು ಕರೆಯಲಿ. ಕೆಚ್ಚಲು ತೊಳೆಯುವ ಚೊಂಬು, ಹಿಂಡಿಯ ಅಳತೆ ಯಾವುದೂ ಬದಲಾಗಬಾರದು.

ಈಗ ಊರು. ಬೆಂಗಳೂರಿಗೇ ಹೋಗಿ, ಅದೂ ಶನಿವಾರ–ಭಾನುವಾರವೇ ಹೋಗಿ. ಮೈಸೂರಿಗೆ ಹೇಳಿದ್ದಕ್ಕೆ ಇದು ಪೂರ್ತಿ ಉಲ್ಟಾ. ಶನಿವಾರ ಬೆಳಿಗ್ಗೆ ಬೆಂಗಳೂರಿನ ಗಾಡಿಗಳೆಲ್ಲ ನಂದಿ ಬೆಟ್ಟದ ಕಡೆ ಬರುತ್ತಿರುವಾಗ ನೀವು ಎದುರು ದಿಕ್ಕಿನಲ್ಲಿ ಹೋಗುತ್ತಿರುತ್ತೀರಿ. ಎಂ.ಜಿ. ರಸ್ತೆ, ರೆಸಿಡೆನ್ಸಿ ರಸ್ತೆ ಸುತ್ತಮುತ್ತ ಕಂಪನಿ ಕೆಲಸಕ್ಕೆ ಬಂದವರು ಇಳಿದುಕೊಳ್ಳುವ ಹೋಟೆಲುಗಳು ವಾರದ ನಡುವೆ ತುಂಬಿರುತ್ತವೆ, ವಾರಾಂತ್ಯಕ್ಕೆ ಖಾಲಿ. ಅದೇ ಕೋಣೆ ಶನಿವಾರ ಎಷ್ಟೋ ಕಡಿಮೆಗೆ ಸಿಗುತ್ತದೆ. ಆ್ಯಪಿನಲ್ಲಿ ಬಾಡಿಗೆ ನೋಡಿಕೊಂಡು ಹೋಟೆಲಿಗೇ ಒಂದು ಫೋನ್ ಮಾಡಿ. ಬೆಳಗಿನ ತಿಂಡಿ ಸೇರಿಸಿ ಅದೇ ಬೆಲೆಗೆ ಕೊಡುವುದುಂಟು.

ಕಾರು ಬೇಡ. ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಜಗಳ ಹುಟ್ಟುತ್ತದೆ. ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ನಿಮಗೆ ಟಿಕೆಟ್ಟಿನ ದುಡ್ಡಿಲ್ಲ, ಯಜಮಾನರದು ಮಾತ್ರ. ರಾಜಹಂಸ, ಐರಾವತಕ್ಕೆ ಇದು ಅನ್ವಯಿಸುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗದ ಮೆಟ್ರೊ ಹಿಡಿದರೆ ಎಂ.ಜಿ. ರಸ್ತೆ. (ಕೋಲಾರದವರು ಮೆಜೆಸ್ಟಿಕ್‌ವರೆಗೂ ಹೋಗದೆ ಕೆ.ಆರ್. ಪುರದಲ್ಲೇ ಅದೇ ಮಾರ್ಗ ಹಿಡಿಯಬಹುದು, ತುಮಕೂರಿನವರಿಗೆ ಮಾದಾವರದಲ್ಲಿ ಹಸಿರು ಮಾರ್ಗವಿದೆ.)

ಸಂಜೆಗೆ ಒಂದು ನಾಟಕ. ಜೆ.ಪಿ. ನಗರದ ರಂಗಶಂಕರದಲ್ಲಿ ಸೋಮವಾರ ಬಿಟ್ಟು ಹೆಚ್ಚುಕಡಿಮೆ ದಿನವೂ ಪ್ರದರ್ಶನವಿರುತ್ತದೆ, ಸಾಮಾನ್ಯವಾಗಿ ಏಳೂವರೆಗೆ. ಕನ್ನಡ ನಾಟಕ ಇರುವ ಶನಿವಾರವನ್ನೇ ನೋಡಿ ಟಿಕೆಟ್ ಮೊದಲೇ ತೆಗೆಯಿರಿ. ಬಾಗಿಲು ಹಾಕಿದರೆ ಮುಗಿಯಿತು. ಎರಡು ನಿಮಿಷ ತಡವಾದವರನ್ನೂ ಒಳಗೆ ಬಿಡುವುದಿಲ್ಲ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿ, ಬನಶಂಕರಿಯಲ್ಲಿ ಇಳಿದು ಆಟೊ ಹಿಡಿಯಿರಿ. ಆರಕ್ಕೆ ಹೋಟೆಲು ಬಿಟ್ಟರೆ ಕಾಫಿ ಕುಡಿಯಲೂ ಹೊತ್ತು ಉಳಿಯುತ್ತದೆ. ಭಾನುವಾರ ಬೆಳಿಗ್ಗೆ ಕಬ್ಬನ್ ಪಾರ್ಕಿನ ಒಳರಸ್ತೆಗಳಿಗೆ ಗಾಡಿ ಬಿಡುವುದಿಲ್ಲ, ನಡು ರಸ್ತೆಯಲ್ಲೇ ನಡೆಯಬಹುದು. ತಿಂಡಿ ಹೊಟ್ಟೆಗೆ ಬಿದ್ದ ಮೇಲೆ ಕೋಣೆ ಖಾಲಿ ಮಾಡಿ, ಚೀಲ ಹೋಟೆಲಿನಲ್ಲೇ ಬಿಟ್ಟು, ಅರಮನೆ ರಸ್ತೆಯ ಮಾಣಿಕ್ಯವೇಲು ಬಂಗಲೆಯ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ನೋಡಿ. ಚಿತ್ರ ಅರ್ಥವಾಗದಿದ್ದರೂ ಆ ಮರಗಳ ಅಂಗಳದಲ್ಲಿ ಕೂರಬಹುದು.

ಮನೆಯವರು ಚಿಕ್ಕಪೇಟೆಯ ಪಟ್ಟಿ ಕೊಟ್ಟೇ ಕೊಡುತ್ತಾರೆ. ಭಾನುವಾರ ಅಲ್ಲಿ ಬಹಳಷ್ಟು ಸಗಟು ಅಂಗಡಿ ಮುಚ್ಚಿರುತ್ತದೆ ಎಂದು ಹೇಳಿ, ಅದು ನಿಜವೂ ಹೌದು.

ಶುಕ್ರವಾರ ಕೆಲಸ ಮುಗಿಸಿ ರಾತ್ರಿಯೇ ಕಾರಿನಲ್ಲಿ ಪುದುಚೇರಿಗೆ ಹೊರಟು ಭಾನುವಾರ ರಾತ್ರಿ ಕೋಲಾರ ಸೇರಬೇಕೆಂದಿದ್ದೇವೆ. ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ನೋಡುವುದು ನನ್ನ ಹೆಂಡತಿಯ ಆಸೆ.
– ಓದುಗರು, ಕೋಲಾರ

ಪುದುಚೇರಿ ಪೂರ್ವ ಕರಾವಳಿ. ಅಲ್ಲಿ ಸೂರ್ಯ ಸಮುದ್ರದಿಂದ ಹುಟ್ಟುತ್ತಾನೆ, ಊರಿನ ಹಿಂದೆ ಮುಳುಗುತ್ತಾನೆ. ಮುಳುಗುವುದೇ ಬೇಕಿದ್ದರೆ ಮಂಗಳೂರು, ಗೋಕರ್ಣದ ಕಡೆ ನೋಡಿ. ಹುಟ್ಟುವುದೂ ಆದೀತು ಅಂದರೆ ಪುದುಚೇರಿಗೆ ಹೋಗಿ, ಆದರೆ ಎರಡು ರಾತ್ರಿ ಅಲ್ಲೇ ಕಳೆಯುವ ಹಾಗೆ. ಕೃಷ್ಣಗಿರಿ, ತಿರುವಣ್ಣಾಮಲೈ, ತಿಂಡಿವನಂ ಮೇಲೆ ಆರೇಳು ಗಂಟೆಯ ದಾರಿ. ದಿನವಿಡೀ ದುಡಿದು ರಾತ್ರಿ ಓಡಿಸಿದರೆ ಶನಿವಾರ ಪೂರ್ತಿ ಕೋಣೆಯಲ್ಲಿ ಗೊರಕೆಗೇ ಹೋಗುತ್ತದೆ. ನಸುಕಿನಲ್ಲಿ ಹೊರಡಿ. ಹೊರಡುವ ಮೊದಲು ಪಂಚಾಂಗ ನೋಡಿ: ಹುಣ್ಣಿಮೆ ಬಿದ್ದರೆ ತಿರುವಣ್ಣಾಮಲೈಯಲ್ಲಿ ಗಿರಿ ಪ್ರದಕ್ಷಿಣೆಗೆ ಲಕ್ಷಗಟ್ಟಲೆ ಜನ ಸೇರಿ ರಸ್ತೆ ಕಟ್ಟಿಹೋಗುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು ಮಳೆ, ಚಂಡಮಾರುತದ ಕಾಲ.

ಕೋಣೆಯನ್ನು ಬೀಚ್ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರದಲ್ಲಿ ಹಿಡಿಯಿರಿ. ಸಂಜೆ ಆರರಿಂದ ಆ ರಸ್ತೆಗೆ ವಾಹನ ಬಿಡುವುದಿಲ್ಲ, ಊರಿನ ಸೊಗಸೆಲ್ಲ ಆಗಲೇ. ಆದರೆ ಅಲ್ಲಿ ದಡದ ಬಹುಪಾಲಿಗೆ ಕಪ್ಪು ಬಂಡೆ ಪೇರಿಸಿದ್ದಾರೆ, ನೀರಿಗಿಳಿಯುವ ಜಾಗವಲ್ಲ. ಹತ್ತಿರದ ಆರೋವಿಲ್‌ನ ಧ್ಯಾನಮಂದಿರವಾದ ಮಾತೃಮಂದಿರವನ್ನು ದೂರದಿಂದ ನೋಡಲು ಸಂದರ್ಶಕರ ಕೇಂದ್ರದ ಪಾಸ್ ಸಾಕು, ಒಳಗೆ ಕೂರಬೇಕಿದ್ದರೆ ದಿನಗಳ ಮೊದಲೇ ಕಾಯ್ದಿರಿಸಬೇಕು. ಇನ್ನೊಂದು ಮಾತು: ಅಲ್ಲಿ ಅಗ್ಗವೆಂದು ಬಾಟಲಿ ತುಂಬಿಕೊಂಡು ಹೊರಟವರು ತಮಿಳುನಾಡಿನ ಚೆಕ್‌ಪೋಸ್ಟಿನಲ್ಲಿ ಸಿಕ್ಕಿಬೀಳುತ್ತಾರೆ.

ನಿಶ್ಚಿತಾರ್ಥ ಆಗಿದೆ, ಮದುವೆ ಇನ್ನೂ ಇಲ್ಲ. ಹೋಟೆಲಿನಲ್ಲಿ ಕೋಣೆ ಕೊಡುತ್ತಾರೆಯೇ?
– ಓದುಗರು, ತಿಪಟೂರು

ಇಬ್ಬರೂ ವಯಸ್ಕರಾಗಿದ್ದರೆ ಕಾನೂನಿನ ಅಡ್ಡಿಯಿಲ್ಲ. ಕೊಡದಿರುವುದು ಕೆಲವು ಹೋಟೆಲುಗಳ ಸ್ವಂತ ನಿಯಮ. ಬುಕ್ ಮಾಡುವ ಪುಟದಲ್ಲಿ ‘ಅವಿವಾಹಿತ ಜೋಡಿಗೆ ಅವಕಾಶ’ ಎಂದಿದೆಯೇ ನೋಡಿ, ಆಮೇಲೆ ಫೋನಿನಲ್ಲೂ ಖಚಿತ ಮಾಡಿಕೊಳ್ಳಿ. ಇಬ್ಬರಿಗೂ ಬೇರೆ ಬೇರೆ ಗುರುತಿನ ಚೀಟಿ ಬೇಕು. ಪ್ಯಾನ್ ಕಾರ್ಡಿನಲ್ಲಿ ವಿಳಾಸ ಇಲ್ಲದ್ದರಿಂದ ಒಪ್ಪುವುದಿಲ್ಲ. ಆಧಾರ್ ಪ್ರತಿ ಕೇಳಿದರೆ ಮೊದಲ ಎಂಟು ಅಂಕಿ ಮರೆಮಾಡಿದ ಮಾಸ್ಕ್ಡ್ ಆಧಾರ್ ಕೊಡಿ. ಹೆಚ್ಚಿನವರು ಎಡವುವುದು ಇಲ್ಲಿ: ಹೋಟೆಲು ಇರುವ ಊರಿನದೇ ವಿಳಾಸದ ಚೀಟಿ ಕೊಟ್ಟರೆ ಎಷ್ಟೋ ಕಡೆ ಕೋಣೆ ಇಲ್ಲ ಅನ್ನುತ್ತಾರೆ. ಕೆಲಸಕ್ಕೆಂದು ಆಧಾರ್ ವಿಳಾಸವನ್ನು ಬೆಂಗಳೂರಿಗೆ ಬದಲಾಯಿಸಿಕೊಂಡವರು ಅಲ್ಲಿ ಕೋಣೆ ಹಿಡಿಯುವ ಮುನ್ನ ಕೇಳಿಕೊಳ್ಳಲೇಬೇಕು.

ಹೆಂಡತಿಗೆ ಹೇಳದೆ ಏರ್ಪಾಡು ಮಾಡಿ ಆಶ್ಚರ್ಯಪಡಿಸಬೇಕೆಂದಿದ್ದೇನೆ. ಮಗುವಿಗೆ ಮೂರು ವರ್ಷ, ಅಜ್ಜಿ ನೋಡಿಕೊಳ್ಳುತ್ತಾರೆ.
– ಓದುಗರು, ಗೌರಿಬಿದನೂರು

ಊರು ಗುಟ್ಟಾಗಿರಲಿ, ದಿನಾಂಕ ಬೇಡ. ದಿನಾಂಕವನ್ನು ಅವರೇ ಹೇಳಲಿ. ಮುಟ್ಟಿನ ದಿನ, ಶನಿವಾರದ ಒಪ್ಪತ್ತು, ತವರಿನ ಗೃಹಪ್ರವೇಶ ಇವೆಲ್ಲ ನಿಮ್ಮ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಎರಡು ದಿನ ಮೊದಲು ಇಷ್ಟು ತಿಳಿಸಿ: ಎಷ್ಟು ಜೊತೆ ಬಟ್ಟೆ, ನಡೆಯುವುದು ಹೆಚ್ಚೋ ಕಡಿಮೆಯೋ, ದೇವಸ್ಥಾನ ಇದೆಯೋ ಇಲ್ಲವೋ. ಮಗುವನ್ನು ಅದಕ್ಕೂ ಮೊದಲು ಒಂದು ರಾತ್ರಿ ಅಜ್ಜಿಯ ಹತ್ತಿರ ಮಲಗಿಸಿ ನೋಡಿ. ರಾತ್ರಿ ಹನ್ನೊಂದಕ್ಕೆ ಎದ್ದು ಅಮ್ಮ ಬೇಕೆಂದು ಹಟ ಹಿಡಿಯುವ ಮಗುವಾದರೆ ಮೈಸೂರು ದೂರವಾಯಿತು, ಒಂದೂವರೆ ಎರಡು ಗಂಟೆಯಲ್ಲಿ ವಾಪಸ್ ಬರಬಹುದಾದ ಊರನ್ನೇ ಆರಿಸಿ. ಜ್ವರದ ಔಷಧಿ, ಮಕ್ಕಳ ಡಾಕ್ಟರ ನಂಬರು, ಹೋಟೆಲಿನ ನಂಬರು ಮೂರನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಅಜ್ಜಿಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ ಹೊರಡಿ.