ಹಳೇ ತಾಮ್ರವನ್ನು ಗುಜರಿಗೆ ಕೊಡುವ ಮುನ್ನ

ವೈರ್ ಸುಟ್ಟು, ಪೈಪ್‌ಗಳನ್ನು ಆಸಿಡ್‌ನಲ್ಲಿ ತೊಳೆದು ಗುಜರಿಗೆ ಕೊಟ್ಟರೆ ಜಾಸ್ತಿ ದುಡ್ಡು ಸಿಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಎರಡೂ ಬೇಡ.

ವೈರ್ ಮೇಲಿನ ಪ್ಲಾಸ್ಟಿಕ್ ಹೊದಿಕೆ (ಪಿವಿಸಿ) ಸುಟ್ಟರೆ ಹೈಡ್ರೋಜನ್ ಕ್ಲೋರೈಡ್, ಡಯಾಕ್ಸಿನ್ ತರಹದ ವಿಷ ಹೊರಬರುತ್ತದೆ. ಮೇಲಾಗಿ ಸುಟ್ಟ ತಾಮ್ರ ಕಪ್ಪಾಗಿ ಅದರ ದರ್ಜೆಯೇ ಇಳಿಯುತ್ತದೆ. ದಪ್ಪ ವೈರನ್ನು ಹಲಗೆಯ ಮೇಲೆ ಒತ್ತಿ ಹಿಡಿದು, ಉದ್ದಕ್ಕೂ ಚಾಕುವಿನಿಂದ ಗೀರಿ. ಸಿಪ್ಪೆ ಬಾಳೆಹಣ್ಣಿನ ಹಾಗೆ ಬಿಚ್ಚಿಕೊಳ್ಳುತ್ತದೆ. ಚಾಕು ಯಾವಾಗಲೂ ಮೈಯಿಂದ ಆಚೆಗೆ ಹೋಗಬೇಕು. ಕೂದಲೆಳೆಯಂಥ ವೈರ್‌ಗೆ ಇಷ್ಟು ಕಷ್ಟ ಬೇಡ, ಹಾಗೇ ಕೊಡಿ.

ಪೈಪ್‌ನ ಮೇಲಿನ ತೆಳು ಕಿಲುಬಿಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ, ಅದಕ್ಕೆ ಆಸಿಡ್ ಬೇಕಿಲ್ಲ. ಬೆಲೆ ಇಳಿಸುವುದು ಬೆಸುಗೆ, ಬಣ್ಣ, ಜೊತೆಗೆ ಅಂಟಿಕೊಂಡಿರುವ ಹಿತ್ತಾಳೆ ತುಂಡುಗಳು. ಜೋಡಣೆಯ ಸುತ್ತ ಬೆಳ್ಳಿ ಬಣ್ಣದ ಉಂಗುರ ಕಾಣುತ್ತೆ ಅಲ್ವಾ, ಅದೇ ಬೆಸುಗೆ. ಅದರ ಎರಡೂ ಕಡೆ ಸ್ವಲ್ಪ ಬಿಟ್ಟು ಕತ್ತರಿಸಿ, ಆ ತುಂಡುಗಳನ್ನು ಬೇರೆ ಚೀಲಕ್ಕೆ ಹಾಕಿ. ಹಳೇ ಬೆಸುಗೆಯಲ್ಲಿ ಸೀಸ ಇರುತ್ತದೆ, ಕೆಲಸ ಮುಗಿದ ಮೇಲೆ ಕೈ ಚೆನ್ನಾಗಿ ತೊಳೆದುಕೊಳ್ಳಿ.

ಕೊನೆಗೆ ರಾಶಿಯ ಮೇಲೆ ಮ್ಯಾಗ್ನೆಟ್ ಆಡಿಸಿ, ಕಬ್ಬಿಣ ಇದ್ದರೆ ಅಂಟಿಕೊಳ್ಳುತ್ತದೆ. ಹಿತ್ತಾಳೆ ಅಂಟುವುದಿಲ್ಲ. ಅನುಮಾನ ಬಂದ ತುಂಡಿನ ಮೇಲೆ ಅರದಿಂದ ಒಂದು ಗೀರು ಎಳೆಯಿರಿ: ಹಳದಿ ಕಂಡರೆ ಹಿತ್ತಾಳೆ, ಕೆಂಪಗೆ ಹೊಳೆದರೆ ತಾಮ್ರ.