ಮೂಳೆ ಕರಗಿದರೂ ರಕ್ತದ ಫಾಸ್ಫೇಟ್ ಏರದೆ ಇಳಿಯುವುದು ಯಾಕೆ?

ನಿಮ್ಮ ಪ್ರಶ್ನೆ ಇದು: ಪ್ಯಾರಾಥೈರಾಯ್ಡ್ ಹಾರ್ಮೋನ್ (ಪಿಟಿಎಚ್) ಮೂಳೆ ಕರಗಿಸಿ ರಕ್ತದ ಕ್ಯಾಲ್ಸಿಯಂ ಏರಿಸುತ್ತದೆ, ಮೂಳೆಯಲ್ಲಿ ಫಾಸ್ಫೇಟೂ ಇದೆ, ಹಾಗಾದರೆ ಎರಡೂ ಏರಬೇಕಿತ್ತಲ್ಲ? ಈ ಹಾರ್ಮೋನ್ ಹೆಚ್ಚಿರುವವರ ವರದಿಯಲ್ಲಿ ಫಾಸ್ಫೇಟ್ ಕಡಿಮೆ ಬರುವುದು ಯಾಕೆ?

ನಿಮ್ಮ ಲೆಕ್ಕ ಅರ್ಧ ಸರಿ. ಮೂಳೆ ಕರಗಿದಾಗ 10 ಕ್ಯಾಲ್ಸಿಯಂಗೆ 6 ಫಾಸ್ಫೇಟ್‌ನಂತೆ ಎರಡೂ ರಕ್ತಕ್ಕೆ ಬರುತ್ತವೆ. ಆದರೆ ಅದೇ ಪಿಟಿಎಚ್ ಕಿಡ್ನಿಗೆ ಹೋಗಿ, ಬಂದದ್ದಕ್ಕಿಂತ ಹೆಚ್ಚು ಫಾಸ್ಫೇಟನ್ನು ಮೂತ್ರದಲ್ಲಿ ಹೊರಗೆ ಹಾಕಿಸುತ್ತದೆ. ಹಾಗೆ ಮಾಡದಿದ್ದರೆ ಪಟ್ಟ ಶ್ರಮವೆಲ್ಲ ದಂಡ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಎರಡೂ ರಕ್ತದಲ್ಲಿ ಹೆಚ್ಚಾದರೆ ಒಂದನ್ನೊಂದು ಹಿಡಿದುಕೊಂಡು ಹರಳಾಗಿ ರಕ್ತನಾಳದ ಗೋಡೆಯಲ್ಲಿ, ಕಿಡ್ನಿಯಲ್ಲಿ ಕೂರುತ್ತವೆ. ಏರಿಸಬೇಕೆಂದಿದ್ದ ಕ್ಯಾಲ್ಸಿಯಂ ಮತ್ತೆ ಕೈತಪ್ಪುತ್ತದೆ.

ಏನನ್ನು ಕಾಯಲು ಇಷ್ಟೆಲ್ಲ ಪಾಡು? ವಯಸ್ಕರ ದೇಹದಲ್ಲಿ ಸುಮಾರು 1 ಕಿಲೋ ಕ್ಯಾಲ್ಸಿಯಂ ಇದೆ, ಅದರಲ್ಲಿ 99% ಮೂಳೆ ಮತ್ತು ಹಲ್ಲಿನಲ್ಲಿ. ರಕ್ತದಲ್ಲಿ ಇರುವುದು 100 ಮಿಲಿಗೆ 8.5ರಿಂದ 10.5 ಮಿಲಿಗ್ರಾಂ ಮಾತ್ರ. ಅದರಲ್ಲೂ 40 ಶೇಕಡಾದಷ್ಟು ಆಲ್ಬುಮಿನ್ ಮುಂತಾದ ಪ್ರೋಟೀನಿಗೆ ಅಂಟಿರುತ್ತದೆ, ಸ್ವಲ್ಪ ಸಿಟ್ರೇಟ್, ಫಾಸ್ಫೇಟ್ ಜೊತೆ ಕೂಡಿರುತ್ತದೆ. ಯಾವುದಕ್ಕೂ ಅಂಟದೆ ಅಯಾನಾಗಿ ಓಡಾಡುವ ಅರ್ಧದಷ್ಟು ಪಾಲೇ ನರ, ಸ್ನಾಯು, ಹೃದಯಕ್ಕೆ ಬೇಕಾದದ್ದು. ದೇಹ ನಿಮಿಷ ನಿಮಿಷಕ್ಕೂ ಕಾಯುವುದು ಈ ಪಾಲನ್ನು. ಫಾಸ್ಫೇಟ್ ಮಟ್ಟ (ವಯಸ್ಕರಲ್ಲಿ 2.5ರಿಂದ 4.5) ಊಟ, ಹೊತ್ತು ನೋಡಿಕೊಂಡು ಏರಿಳಿದರೂ ದೇಹ ಅಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಅಯಾನು ಕ್ಯಾಲ್ಸಿಯಂ ಚೂರು ಇಳಿಯಿತು ಅನ್ನಿ. ಥೈರಾಯ್ಡ್ ಹಿಂಬದಿಯಲ್ಲಿ ಅಕ್ಕಿಕಾಳಿನ ಗಾತ್ರದ ನಾಲ್ಕು ಪ್ಯಾರಾಥೈರಾಯ್ಡ್ ಗ್ರಂಥಿಗಳಿವೆ. ಅವುಗಳ ಜೀವಕೋಶದ ಮೇಲಿನ ಕ್ಯಾಲ್ಸಿಯಂ ಗ್ರಾಹಕ ಅದನ್ನು ತಕ್ಷಣ ಗುರುತಿಸಿ, ಸೆಕೆಂಡುಗಳಲ್ಲೇ ಪಿಟಿಎಚ್ ಬಿಡಿಸುತ್ತದೆ. ಇದು ರಕ್ತದಲ್ಲಿ ಉಳಿಯುವುದು ಕೆಲವೇ ನಿಮಿಷ, ಹಾಗಾಗಿ ಬೇಕಾದಾಗ ಏರಿಸಿ, ಸಾಕಾದಾಗ ನಿಲ್ಲಿಸುವುದು ಸುಲಭ. ಮೊದಲ ಫಲ ಕಾಣುವುದು ಕಿಡ್ನಿಯಲ್ಲಿ. ದಿನಕ್ಕೆ ಸುಮಾರು 10 ಗ್ರಾಂ ಕ್ಯಾಲ್ಸಿಯಂ ಸೋಸಿ ಇಳಿದರೂ ಮೂತ್ರಕ್ಕೆ ಹೋಗುವುದು 100ರಿಂದ 250 ಮಿಲಿಗ್ರಾಂ ಮಾತ್ರ. ಕಿಡ್ನಿಯೊಳಗಿನ ಸಣ್ಣ ನಾಳದ ಕೊನೆಯ ಭಾಗದಲ್ಲಿ ಪಿಟಿಎಚ್ ಈ ಸೋರಿಕೆಯನ್ನು ಇನ್ನಷ್ಟು ಬಿಗಿಮಾಡುತ್ತದೆ. ಅದೇ ಹೊತ್ತಿಗೆ ನಾಳದ ಆರಂಭದ ಭಾಗದಲ್ಲಿ ಫಾಸ್ಫೇಟನ್ನು ವಾಪಸ್ ಎಳೆದುಕೊಳ್ಳುವ ಪಂಪುಗಳನ್ನು ಕೋಶದ ಮೇಲ್ಮೈಯಿಂದ ಒಳಕ್ಕೆಳೆದು ಅವುಗಳ ಕೆಲಸ ನಿಲ್ಲಿಸಿಬಿಡುತ್ತದೆ. ನಿಮ್ಮ ಪ್ರಶ್ನೆಗೆ ಉತ್ತರ ಈ ಪಂಪುಗಳಲ್ಲೇ ಇದೆ.

ಮೂಳೆಯ ಕೆಲಸ ಇದಕ್ಕಿಂತ ನಿಧಾನ, ಮತ್ತು ಸ್ವಲ್ಪ ಸುತ್ತುಬಳಸಿನದು. ಮೂಳೆ ಒಡೆಯುವ ಕೋಶಗಳಿಗೆ ಪಿಟಿಎಚ್ ಗುರುತಿಸುವ ಗ್ರಾಹಕವೇ ಇಲ್ಲ! ಸಂದೇಶ ಹೋಗುವುದು ಮೂಳೆ ಕಟ್ಟುವ ಕೋಶಕ್ಕೆ. ಅದು ಒಡೆಯುವವರನ್ನು ಕರೆಯುತ್ತದೆ. ಗಾರೆ ಕೆಲಸದವನ ಕೈಗೆ ಚೀಟಿ ಕೊಟ್ಟರೆ ಅವನು ಸುತ್ತಿಗೆಯವನನ್ನು ಕರೆತಂದ ಹಾಗೆ. ಪಿಟಿಎಚ್ ಸದಾ ಹೆಚ್ಚಿದ್ದರೆ ಮೂಳೆ ಸವೆಯುವುದು, ಅದೇ ಹಾರ್ಮೋನಿನ ತುಂಡಾದ ಟೆರಿಪ್ಯಾರಟೈಡನ್ನು ದಿನಕ್ಕೊಂದು ಚುಚ್ಚುಮದ್ದಾಗಿ ಕೊಟ್ಟರೆ ಮೂಳೆ ಕಟ್ಟುವುದು, ಎರಡೂ ಸಾಧ್ಯವಾಗಿರುವುದಕ್ಕೆ ಇದೇ ಒಂದು ಕಾರಣ.

ಮೂರನೆಯ ಕೆಲಸ ವಿಟಮಿನ್ ಡಿ ಮೂಲಕ. ಚರ್ಮದಲ್ಲಿ ತಯಾರಾದದ್ದು ಅಥವಾ ಆಹಾರದಲ್ಲಿ ಬಂದದ್ದು ಲಿವರ್‌ನಲ್ಲಿ 25-ಹೈಡ್ರಾಕ್ಸಿ ರೂಪಕ್ಕೆ ತಿರುಗುತ್ತದೆ (ಲ್ಯಾಬ್‌ನಲ್ಲಿ ನಿಮ್ಮ ವಿಟಮಿನ್ ಡಿ ಅಂತ ಅಳೆಯುವುದು ಇದನ್ನೇ, ರಕ್ತದಲ್ಲಿ ವಾರಗಟ್ಟಲೆ ಇರುತ್ತದೆ). ಪಿಟಿಎಚ್ ಹೇಳಿದಾಗ ಕಿಡ್ನಿ ಅದನ್ನು ಕ್ಯಾಲ್ಸಿಟ್ರಿಯಾಲ್ ಮಾಡುತ್ತದೆ. ಇದು ಕರುಳಿನಿಂದ ಕ್ಯಾಲ್ಸಿಯಂ ಹೀರಿಸುತ್ತದೆ, ಜೊತೆಗೆ ಫಾಸ್ಫೇಟನ್ನೂ. ಫಲ ಕಾಣಲು ಒಂದೆರಡು ದಿನ ಬೇಕು. ಗಮನಿಸಿ: ವಿಟಮಿನ್ ಡಿ ಎರಡನ್ನೂ ಏರಿಸುತ್ತದೆ, ಪಿಟಿಎಚ್ ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುತ್ತದೆ. ವರದಿ ಓದುವವರಿಗೆ ಈ ವ್ಯತ್ಯಾಸವೇ ದಾರಿ.

ಇಷ್ಟೇ ಇದ್ದಿದ್ದರೆ ಫಾಸ್ಫೇಟ್‌ಗೆ ಸ್ವಂತ ಕಾವಲುಗಾರ ಇಲ್ಲದಂತಾಗುತ್ತಿತ್ತು. ಇದೆ: ಮೂಳೆಯ ಒಳಗೆ ಹುದುಗಿರುವ ಕೋಶಗಳು ಬಿಡುಗಡೆ ಮಾಡುವ ಎಫ್‌ಜಿಎಫ್-23 ಎಂಬ ಹಾರ್ಮೋನ್. 2000ರಲ್ಲಿ ಇದರ ಜೀನ್, ಫಾಸ್ಫೇಟ್ ಸೋರುವ ಒಂದು ವಂಶಪಾರಂಪರ್ಯ ಕಾಯಿಲೆಯ ಜಾಡಿನಲ್ಲಿ ಸಿಕ್ಕಿತು. ಫಾಸ್ಫೇಟ್ ಹೆಚ್ಚಾದಾಗ ಇದು ಏರಿ, ಕಿಡ್ನಿಯ ಅದೇ ಪಂಪುಗಳನ್ನು ಇಳಿಸುತ್ತದೆ. ಆ ಮಟ್ಟಿಗೆ ಪಿಟಿಎಚ್ ಜೊತೆ ಒಂದೇ ದಿಕ್ಕು. ಆದರೆ ಕ್ಯಾಲ್ಸಿಟ್ರಿಯಾಲ್ ತಯಾರಿಯ ವಿಷಯದಲ್ಲಿ ತದ್ವಿರುದ್ಧ: ಪಿಟಿಎಚ್ ಹೆಚ್ಚಿಸುತ್ತದೆ, ಎಫ್‌ಜಿಎಫ್-23 ತಡೆಯುತ್ತದೆ. ಕಿಡ್ನಿ ಕುಂದುವಾಗ ಗೊಂದಲ ಶುರುವಾಗುವುದು ಇಲ್ಲಿಂದ. ಫಾಸ್ಫೇಟ್ ಅಂಕಿ ಇನ್ನೂ ಸರಿಯಾಗೇ ಕಾಣುವಾಗಲೇ ಎಫ್‌ಜಿಎಫ್-23 ಏರುತ್ತದೆ, ಕ್ಯಾಲ್ಸಿಟ್ರಿಯಾಲ್ ಇಳಿಯುತ್ತದೆ, ಕರುಳು ಕ್ಯಾಲ್ಸಿಯಂ ಹೀರುವುದು ಕಡಿಮೆಯಾಗುತ್ತದೆ, ಪಿಟಿಎಚ್ ಏರುತ್ತದೆ. ಕೊನೆಗೆ ಹೊರಹಾಕುವ ಶಕ್ತಿಯೇ ಇಲ್ಲದ ಕಿಡ್ನಿಗೆ ಎರಡು ಹಾರ್ಮೋನುಗಳೂ ಕೂಗಿ ಹೇಳಿದರೂ ಕೇಳುವುದಿಲ್ಲ. ಮೂಳೆ ಸವೆಯುತ್ತದೆ, ಫಾಸ್ಫೇಟ್ ಮಾತ್ರ ಏರುತ್ತಲೇ ಹೋಗುತ್ತದೆ. ಫಾಸ್ಫೇಟ್ ಏರಬೇಕೆಂಬ ನಿಮ್ಮ ಲೆಕ್ಕ ನಿಜವಾಗುವುದು ಇಂಥ ರೋಗಿಗಳಲ್ಲಿ.

ಥೈರಾಯ್ಡ್ ಬಿಡುವ, ಕ್ಯಾಲ್ಸಿಯಂ ಇಳಿಸುವ ಹಾರ್ಮೋನ್ ಕ್ಯಾಲ್ಸಿಟೋನಿನ್ ಬಗ್ಗೆ ಪಠ್ಯಪುಸ್ತಕ ಬಹಳ ಹೇಳುತ್ತದೆ. ಮನುಷ್ಯರಲ್ಲಿ ಅದರ ಪಾತ್ರ ತೀರಾ ಸಣ್ಣದು. ಥೈರಾಯ್ಡ್ ಪೂರ್ತಿ ತೆಗೆದವರಲ್ಲಿ, ಪ್ಯಾರಾಥೈರಾಯ್ಡ್ ಉಳಿದಿದ್ದರೆ, ಕ್ಯಾಲ್ಸಿಯಂ ಮಟ್ಟ ಹದದಲ್ಲೇ ಇರುತ್ತದೆ.

ಇನ್ನು ವರದಿ. ಕ್ಯಾಲ್ಸಿಯಂ ಹೆಚ್ಚು, ಫಾಸ್ಫೇಟ್ ಕಡಿಮೆ ಇದ್ದರೆ ಪಿಟಿಎಚ್ ನೋಡಿ. ಇಲ್ಲಿ ಬಹಳ ಜನ ಎಡವುತ್ತಾರೆ: ಪಿಟಿಎಚ್ 'ನಾರ್ಮಲ್' ಎಂದು ಬಂದರೂ ಅದು ನಾರ್ಮಲ್ ಅಲ್ಲ. ಕ್ಯಾಲ್ಸಿಯಂ 11.5 ಇರುವಾಗ ಆರೋಗ್ಯವಂತ ಗ್ರಂಥಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಪಿಟಿಎಚ್ ನೆಲ ಕಚ್ಚಿದ್ದರೆ, ಕೆಲವು ಗೆಡ್ಡೆಗಳು ಬಿಡುವ ಅದರ ಹೋಲಿಕೆಯ ಪ್ರೋಟೀನನ್ನು ಶಂಕಿಸಬೇಕು. ಕ್ಯಾಲ್ಸಿಯಂ ಜೊತೆ ಫಾಸ್ಫೇಟೂ ಹೆಚ್ಚು, ಪಿಟಿಎಚ್ ಕಡಿಮೆ ಅಂದರೆ ವಿಟಮಿನ್ ಡಿ ಅತಿಯಾಗಿರಬಹುದು. ಎರಡೂ ಕಡಿಮೆ ಅಂದರೆ ವಿಟಮಿನ್ ಡಿ ಕೊರತೆ. ಆದರೆ ಪಿಟಿಎಚ್ ಏರಿ ಕ್ಯಾಲ್ಸಿಯಂ ಕಾಪಾಡಿಕೊಂಡಿರುವುದರಿಂದ ಅದು ಸರಿಯಾಗೇ ಕಾಣಬಹುದು, ಫಾಸ್ಫೇಟ್ ಮಾತ್ರ ಸುಳಿವು ಕೊಡುತ್ತದೆ. ಕ್ಯಾಲ್ಸಿಯಂ ಕಡಿಮೆ, ಫಾಸ್ಫೇಟ್ ಹೆಚ್ಚು: ಪಿಟಿಎಚ್ ಕಡಿಮೆಯಿದ್ದರೆ ಗ್ರಂಥಿಯ ಸೋಲು (ಕತ್ತಿನ ಶಸ್ತ್ರಚಿಕಿತ್ಸೆಯ ನಂತರದ ಒಂದರಿಂದ ಮೂರು ದಿನಗಳಲ್ಲಿ ಸಾಮಾನ್ಯವಾಗಿ ಬಯಲಾಗುತ್ತದೆ), ಹೆಚ್ಚಿದ್ದರೆ ಕ್ರಿಯಾಟಿನಿನ್ (ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಅಂಕಿ) ನೋಡಿ.

ಅಂಕಿಯೇ ಸುಳ್ಳು ಹೇಳುವ ಸಂದರ್ಭಗಳೂ ಇವೆ. ಆಲ್ಬುಮಿನ್ ಕಡಿಮೆಯಿದ್ದರೆ ಒಟ್ಟು ಕ್ಯಾಲ್ಸಿಯಂ ಕಡಿಮೆ ಕಾಣುತ್ತದೆ. ಆಲ್ಬುಮಿನ್ 4ಕ್ಕಿಂತ ಇಳಿದ ಪ್ರತಿ 1 ಗ್ರಾಂಗೆ 0.8 ಸೇರಿಸಿ. ಆಲ್ಬುಮಿನ್ 2.5, ಕ್ಯಾಲ್ಸಿಯಂ 7.8 ಇದ್ದರೆ ತಿದ್ದಿದ ಅಂಕಿ 9.0. ಇದು ಅಂದಾಜು ಮಾತ್ರ, ಅನುಮಾನವಿದ್ದರೆ ಅಯಾನು ಕ್ಯಾಲ್ಸಿಯಂ ನೇರವಾಗಿ ಅಳೆಸುವುದೇ ಸರಿ. ರಕ್ತದ ಮಾದರಿಗೆ ತಪ್ಪಿ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಕೆಲವು ಟ್ಯೂಬುಗಳಿಗೆ ಹಾಕುವ ಪೊಟ್ಯಾಸಿಯಂ ಲವಣ) ಸೇರಿದ್ದರೆ ಕ್ಯಾಲ್ಸಿಯಂ ಪಾತಾಳಕ್ಕೆ, ಪೊಟ್ಯಾಸಿಯಂ ಆಕಾಶಕ್ಕೆ. ಇವೆರಡೂ ಒಟ್ಟಿಗೆ ಕಂಡರೆ ಮೊದಲು ಮಾದರಿ ಮತ್ತೆ ತೆಗೆಸಿ. ಗಾಬರಿಯಿಂದ ಏದುಸಿರು ಬಿಡುವವರಲ್ಲಿ ರಕ್ತ ಕ್ಷಾರವಾಗಿ ಆಲ್ಬುಮಿನ್ ಹೆಚ್ಚು ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ: ಒಟ್ಟು ಅಂಕಿ ಸರಿ, ಆದರೂ ತುಟಿ ಸುತ್ತ, ಬೆರಳ ತುದಿಯಲ್ಲಿ ಜುಮ್ಮೆನ್ನುತ್ತದೆ.

ನಿಜವಾದ ಕೊರತೆಯಲ್ಲಿ ಬಿಪಿ ಪಟ್ಟಿಯನ್ನು ಮೇಲಿನ ಒತ್ತಡಕ್ಕಿಂತ 20ರಷ್ಟು ಹೆಚ್ಚು ಉಬ್ಬಿಸಿ 3 ನಿಮಿಷ ಬಿಟ್ಟರೆ, ಮಣಿಕಟ್ಟು ಬಾಗಿ, ಹೆಬ್ಬೆರಳು ಅಂಗೈಗೆ ಮಡಚಿ, ಉಳಿದ ಬೆರಳುಗಳು ನೆಟ್ಟಗೆ ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಇದನ್ನು ಮನೆಯಲ್ಲಿ ಪ್ರಯೋಗ ಮಾಡಬೇಡಿ. ಸೆಳೆತ, ಉಸಿರಾಟದ ತೊಂದರೆ ಇದ್ದರೆ ತುರ್ತು ಚಿಕಿತ್ಸೆಯೇ ಬೇಕು. ಕ್ಯಾಲ್ಸಿಯಂ ಎಷ್ಟು ಕೊಟ್ಟರೂ ಅಂಕಿ ಏರದಿದ್ದರೆ ಮೆಗ್ನೀಸಿಯಂ ನೋಡಿಸಿ. ಅದು ತೀರಾ ಕಡಿಮೆಯಾದರೆ ಗ್ರಂಥಿ ಪಿಟಿಎಚ್ ಬಿಡುವುದಿಲ್ಲ, ಬಿಟ್ಟದ್ದಕ್ಕೂ ಮೂಳೆ ಓಗೊಡುವುದಿಲ್ಲ. ಅಂಥವರಿಗೆ ಮೊದಲು ಮೆಗ್ನೀಸಿಯಂ ಕೊಟ್ಟ ಮೇಲೆ ಪಿಟಿಎಚ್ ಬೇಗನೆ ಏರಿದರೂ ಕ್ಯಾಲ್ಸಿಯಂ ಹದಕ್ಕೆ ಬರಲು ಕೆಲವು ದಿನ ಹಿಡಿಯುತ್ತದೆ.