ಕಾಸರಗೋಡಿಗೆ ಮೇಯರ್ ಇದ್ದಾರೆಯೇ? ಊರಿಗೆ ಮತ್ತೆ ಕಳೆ ತರಲು ಅವರಿಂದ ಏನು ಸಾಧ್ಯ?

ಮೇಯರ್ ಇಲ್ಲ. ಕೇರಳದಲ್ಲಿ ಆ ಹುದ್ದೆ ಇರುವುದು ಮಹಾನಗರಪಾಲಿಕೆಗಳಲ್ಲಿ ಮಾತ್ರ. ನಮಗೆ ಹತ್ತಿರದ್ದು ಕಣ್ಣೂರು. ಕಾಸರಗೋಡು, ಕಾಞಂಗಾಡು, ನೀಲೇಶ್ವರಗಳಲ್ಲಿ ಇರುವುದು ನಗರಸಭೆ. ಕೌನ್ಸಿಲರ್‌ಗಳು ತಮ್ಮಲ್ಲೊಬ್ಬರನ್ನು ಅಧ್ಯಕ್ಷರನ್ನಾಗಿ ಆರಿಸುತ್ತಾರೆ.

ಹಾಗೆಂದು ಅಧಿಕಾರ ಸಣ್ಣದಲ್ಲ. 1996ರ ಜನಕೀಯ ಯೋಜನೆಯ (ಊರಿನ ಯೋಜನೆಯನ್ನು ಊರಿನವರೇ ರೂಪಿಸುವ ಅಭಿಯಾನ) ನಂತರ ರಾಜ್ಯದ ಯೋಜನಾ ನಿಧಿಯ ದೊಡ್ಡ ಪಾಲು ಸ್ಥಳೀಯ ಸಂಸ್ಥೆಗಳಿಗೇ ಬರುತ್ತದೆ. ಅದು ಮಾರುಕಟ್ಟೆಗೋ, ಚರಂಡಿಗೋ, ಗ್ರಂಥಾಲಯಕ್ಕೋ ಎಂಬ ಮಾತು ಶುರುವಾಗಬೇಕಾದದ್ದು ವಾರ್ಡ್ ಸಭೆಯಲ್ಲಿ. ಅಲ್ಲಿ ಕುರ್ಚಿಗಳು ಖಾಲಿ ಉಳಿದರೆ ಎಂಥ ಅಧ್ಯಕ್ಷರೂ ಒಂಟಿಯೇ. ಕುಟುಂಬಶ್ರೀ ಎಂಬ ಸ್ವಸಹಾಯ ಸಂಘಗಳ, ಮನೆಗಳಿಂದ ಕಸ ಸಂಗ್ರಹಿಸುವ ಹರಿತ ಕರ್ಮಸೇನೆಯ ಮಹಿಳೆಯರ ಮಾತಿಗೆ ಕಿವಿಗೊಡುವ ಅಧ್ಯಕ್ಷರಿಗೆ ಮನೆಮನೆಯ ಸ್ಥಿತಿ ಗೊತ್ತಿರುತ್ತದೆ.

ಸಭೆಯ ನೋಟೀಸು ಕನ್ನಡದಲ್ಲೂ ಬರಲೇಬೇಕು ಎಂಬುದು ನನ್ನ ಒತ್ತಾಯ. ಬರದಿದ್ದರೆ ಕನ್ನಡದಲ್ಲೇ ಅರ್ಜಿ ಬರೆದು ಕೇಳಿ. ಕನ್ನಡ ಅಲ್ಪಸಂಖ್ಯಾತರು ರಾಜ್ಯ ಸರ್ಕಾರದೊಂದಿಗೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸಲು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದೆ.